ಗುಲಾಬಿಯಕ್ಕನ ನಲವತ್ತೆರಡು ಬಿಲ್ಲೆಗಳು

ಗುಲಾಬಿಯಕ್ಕ ಆ ಕಾರ್ಖಾನೆಗೆ ಸೇರಿದ್ದು ಬಟ್ಟಲು ಒರೆಸುವುದಕ್ಕೆ. ಆಗ ಅವಳಿಗೆ ಇಪ್ಪತ್ತೇಳು. ಟೈರ್ ಅಂಗಡಿಗೂ ಮುದ್ರಣಾಲಯಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಉದ್ದನೆಯ ತಗಡಿನ ಶೆಡ್ಡು. ಒಂದು ತುದಿಯಲ್ಲಿ ಮಣ್ಣು ಕಲಸುವ ಯಂತ್ರ, ಇನ್ನೊಂದು ತುದಿಯಲ್ಲಿ ಭಟ್ಟಿ, ನಡುವೆ ತಟ್ಟೆ, ಬಟ್ಟಲು, ಹೂಜಿಗಳ ಸಾಲು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಒಡೆದ ತಟ್ಟೆಯ ಚೂರೊಂದರ ಮೇಲೆ ಉಳಿದ ಬಣ್ಣದಲ್ಲಿ ಗುಲಾಬಿ ಗೀಚಿ, ಮರೆತು, ಅಲ್ಲೇ ಬಿಟ್ಟಿದ್ದಳು. ದೊಡ್ಡ ಯಜಮಾನರ ಕಣ್ಣಿಗೆ ಅದು ಬಿತ್ತು.

"ಇದನ್ನ ಬರೆದವರು ಯಾರು?" ಎಂದು ಅವರು ಕೇಳಿದಾಗ, ಕೆಲಸ ಹೋಯಿತೆಂದೇ ಅವಳು ಎದ್ದು ನಿಂತಳು. ಮಾರನೆಯ ದಿನದಿಂದ ಅವಳ ಕೈಯಲ್ಲಿ ಒರೆಸುವ ಬಟ್ಟೆಯ ಬದಲು ಕುಂಚವಿತ್ತು.

ಅಲ್ಲಿಂದ ಇಪ್ಪತ್ತಾರು ವರ್ಷ, ಐದೇ ಐದು ಎಳೆತದಲ್ಲಿ ಮುಗಿಯುವ ಅದೇ ಗುಲಾಬಿ. ಅಸಲಿ ಹೆಸರು ಸಂಬಳದ ಪುಸ್ತಕದಲ್ಲಿ ಉಳಿದುಕೊಂಡಿತು. ಉಳಿದೆಲ್ಲ ಕಡೆ ಅವಳು ಗುಲಾಬಿಯಕ್ಕ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವಳ ಗಂಡ ಕೂಡ, ಬೇಕೆಂದೇ ಕಾಡಿಸುವಾಗ, "ಏನು ಗುಲಾಬಿಯಕ್ಕನವರೇ, ಇವತ್ತು ಎಷ್ಟು ಹೂವು ಅರಳಿದವು?" ಎನ್ನುತ್ತಿದ್ದರು.

ಆ ಹೂವು ಅರಳುವ ರೀತಿಯೇ ಬೇರೆ. ಒಮ್ಮೆ ಸುಟ್ಟ ತಟ್ಟೆಯ ಮೇಲೆ ಶೀಶೆಯ ಬಣ್ಣದಲ್ಲಿ ಬರೆಯಬೇಕು. ಅಂಗಡಿಯಿಂದ ತಯಾರಾಗಿ ಬರುವ ಆ ಬಣ್ಣಕ್ಕೆ ಅಂಡರ್‌ಗ್ಲೇಜ್ ಎನ್ನುತ್ತಿದ್ದರು, ಗ್ಲೇಜಿನ ಅಡಿಯಲ್ಲಿ ಇರುವುದರಿಂದ. ಬರೆದು ಒಣಗಿದ ಮೇಲೆ ತಟ್ಟೆಯನ್ನು ಹಾಲಿನಂಥ ಗ್ಲೇಜಿನಲ್ಲಿ ಅದ್ದಿ ತೆಗೆದರೆ, ಬರೆದದ್ದೆಲ್ಲ ಮುಚ್ಚಿಹೋಗುತ್ತದೆ. ಮತ್ತೆ ಭಟ್ಟಿಯಲ್ಲಿ ಸುಟ್ಟಾಗ ಆ ಹಾಲು ಗಾಜಾಗುತ್ತದೆ, ಒಳಗಿನ ಹೂವು ಕಾಣುತ್ತದೆ. ಅಂದರೆ, ಬರೆದವಳಿಗೆ ತಾನು ಬರೆದದ್ದು ಹೇಗಿದೆ ಎಂದು ಗೊತ್ತಾಗಬೇಕಾದರೆ ಎರಡು ದಿನ ಕಾಯಬೇಕು. ನಡುವೆ ಏನಾಗುತ್ತದೆ ಎನ್ನುವುದು ಬೆಂಕಿ ನೋಡಿಕೊಳ್ಳುವವನ ಕೈಯಲ್ಲಿ.

ಬೆಂಕಿ ನೋಡಿಕೊಳ್ಳುವವರು ಭಟ್ಟಿಯಣ್ಣ. ಆ ಭಟ್ಟಿಯಣ್ಣನ ಜೊತೆ ಗುಲಾಬಿಯಕ್ಕ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಆದದ್ದಿಷ್ಟು. ತಂಗಿ ಹೊಸ ಮನೆ ಮಾಡಿದಾಗ ಕೊಡಬೇಕೆಂದು ಗುಲಾಬಿಯಕ್ಕ ಒಂದು ವರ್ಷ ಊಟದ ಬಿಡುವನ್ನೆಲ್ಲ ಕೂಡಿಟ್ಟು ಮೂವತ್ತಾರು ತಟ್ಟೆ ಬರೆದಿದ್ದಳು. ಭಟ್ಟಿ ತೆಗೆದಾಗ ಎಲೆ ಸರಿಯಿತ್ತು, ಅಂಚಿನ ನೀಲಿ ಸರಿಯಿತ್ತು, ಗುಲಾಬಿಗಳೆಲ್ಲ ಕೊಳೆನೀರಿನ ಬಣ್ಣಕ್ಕೆ ತಿರುಗಿದ್ದವು. ಒಂಬತ್ತು ಜನ ಕೆಲಸದವರ ಎದುರಿಗೆ ಅವಳು ಅಂದುಬಿಟ್ಟಳು:

"ನಿದ್ದೆ ಮಾಡೋರ ಕೈಗೆ ಬೆಂಕಿ ಕೊಟ್ಟರೆ ಇನ್ನೇನಾಗುತ್ತೆ?"

ಆ ತಿಂಗಳು ಭಟ್ಟಿಯಣ್ಣನ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಅವರು ಸಂಜೆಯವರೆಗೆ ಭಟ್ಟಿಯ ಮುಂದೆ, ಆಮೇಲೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಭಟ್ಟಿಯಣ್ಣ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದರು. ಮೂರು ತಿಂಗಳಲ್ಲಿ ಅವರ ಹೆಂಡತಿ ಗುಣವಾಗಿ ಎದ್ದು ಓಡಾಡಿದರು, ಆದರೆ ಆ ಮಾತು ಮಾತ್ರ ವಾಸಿಯಾಗಲಿಲ್ಲ. ಮೊದಮೊದಲು ಅವಳಿಗೆ ಸಿಟ್ಟು, ಆಮೇಲೆ ಸಂಕೋಚ, ಆಮೇಲೆ ಅದೇ ರೂಢಿ. ಹೇಳಬೇಕಾದದ್ದನ್ನು ಇಬ್ಬರೂ ಮೂರನೆಯವರ ಮೂಲಕ ಹೇಳಿ ಕಳಿಸುತ್ತಿದ್ದರು.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ಕಾರ್ಖಾನೆ ನೋಡಿಕೊಳ್ಳತೊಡಗಿದಳು. ಎಲ್ಲರೂ ಅವಳನ್ನು ಚಿಕ್ಕ ಯಜಮಾನಿ ಎನ್ನುತ್ತಿದ್ದರು; ಅವಳು ಶೆಡ್ಡಿನಲ್ಲಿ ಮಣ್ಣಿನ ಉಂಡೆಯೊಂದಿಗೆ ಆಡಿ ಬೆಳೆದದ್ದನ್ನು ನೋಡಿದ್ದ ಗುಲಾಬಿಯಕ್ಕ ಮಾತ್ರ 'ಪುಟ್ಟಮ್ಮ' ಎನ್ನುತ್ತಿದ್ದಳು. ಪುಟ್ಟಮ್ಮನಿಗೆ ಹೊಸ ಯೋಚನೆಗಳಿದ್ದವು. ಹಳೆಯ ಭಟ್ಟಿಯ ಶಾಖ ಸಾವಿರದ ನಲವತ್ತು ಡಿಗ್ರಿ. ಅದರಲ್ಲಿ ಬೆಂದ ತಟ್ಟೆಯ ಅಂಚು ಬೇಗ ಮುಕ್ಕಾಗುತ್ತದೆ, ನೀರು ಹೀರುತ್ತದೆ ಎಂದು ಗಿರಾಕಿಗಳ ದೂರು. ಅವಳು ಗಟ್ಟಿ ಜಾತಿಯ ಮಣ್ಣು ತರಿಸಿದಳು, ಸಾವಿರದ ಇನ್ನೂರ ಎಂಬತ್ತರವರೆಗೆ ಏರುವ ಕರೆಂಟಿನ ಭಟ್ಟಿ ತರಿಸಿದಳು, ಆ ಶಾಖಕ್ಕೆ ಹೊಂದುವ ಗ್ಲೇಜಿನ ಡ್ರಮ್ಮನ್ನೂ ತರಿಸಿದಳು. ಅಷ್ಟರಲ್ಲೇ ಒಂದು ಹೋಟೆಲಿನವರು ಇನ್ನೂರು ತಟ್ಟೆ ಬೇಕು, ಮೊದಲು ಇಪ್ಪತ್ತನಾಲ್ಕು ಮಾಡಿ ತೋರಿಸಿ ಎಂದರು.

ಹೊಸ ಭಟ್ಟಿಯ ಬಾಗಿಲು ತೆಗೆದ ಬೆಳಿಗ್ಗೆ ಎಲ್ಲರೂ ಸುತ್ತ ನೆರೆದಿದ್ದರು. ನೀಲಿ ಅಂಚು ಹಿಂದೆಂದೂ ಇಲ್ಲದಷ್ಟು ಗಾಢವಾಗಿ ಹೊಳೆಯುತ್ತಿತ್ತು. ತಟ್ಟೆಯನ್ನು ಬೆರಳಿನಿಂದ ತಟ್ಟಿದರೆ ಗಂಟೆಯ ನಾದ. ನಡುವೆ ಗುಲಾಬಿ ಇರಬೇಕಾದಲ್ಲಿ ಒದ್ದೆ ಬೂದಿಯ ಐದು ಗೆರೆ.

ಗುಲಾಬಿಯಕ್ಕ ಒಂದು ತಟ್ಟೆ ಎತ್ತಿಕೊಂಡಳು. "ಬೆಂಕಿ ಜಾಸ್ತಿಯಾಗಿದೆ ಅಂತ ಅವರಿಗೆ ಹೇಳಿ, ಪುಟ್ಟಮ್ಮ," ಎಂದಳು. 'ಅವರು' ಮೂರಡಿ ದೂರದಲ್ಲಿ ನಿಂತಿದ್ದರು.

"ನೀನು ಹೇಳಿದಷ್ಟೇ ಕೊಟ್ಟಿದ್ದೀನಿ. ಒಂದು ಡಿಗ್ರಿ ಆ ಕಡೆ ಇಲ್ಲ, ಈ ಕಡೆ ಇಲ್ಲ ಅಂತ ಅವಳಿಗೆ ಹೇಳಮ್ಮ," ಎಂದರು ಭಟ್ಟಿಯಣ್ಣ.

ಚಿಕ್ಕ ಯಜಮಾನಿ ಅವಳ ಮುಖ ಒಮ್ಮೆ, ಅವರ ಮುಖ ಒಮ್ಮೆ ನೋಡಿದಳು. "ಇಬ್ಬರಿಗೂ ಕೇಳಿಸಿದೆ ಅಲ್ವಾ? ನಾನೇನು ಅಂಚೆಯವಳಾ?" ಎಂದಳು. ಆಮೇಲೆ ಗುಲಾಬಿಯಕ್ಕನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು: "ಅಕ್ಕ, ಬೇಜಾರು ಮಾಡ್ಕೋಬೇಡಿ. ಹೋಟೆಲಿನವರಿಗೆ ಬರೀ ನೀಲಿ ಅಂಚು ಸಾಕು. ಗುಲಾಬಿ ಬಿಟ್ಟುಬಿಡೋಣ."

"ಬಿಟ್ಟು?"

"ಅಂಚು ಎಳೆಯೋದು ನೀವೇ ಮಾಡಿ."

ಚಕ್ರದ ಮೇಲೆ ತಟ್ಟೆ ಇಟ್ಟು ತಿರುಗಿಸಿ ಕುಂಚ ತಾಗಿಸಿದರೆ ಅಂಚು ತಾನೇ ಬೀಳುತ್ತದೆ. ನಿನ್ನೆ ಸೇರಿದವರೂ ಮಾಡುವ ಕೆಲಸ. ಗುಲಾಬಿಯಕ್ಕ ತಲೆ ಆಡಿಸಿ ತನ್ನ ಕಿಟಕಿಯ ಪಕ್ಕಕ್ಕೆ ಹೋಗಿ ಕೂತಳು. ಅರ್ಧ ಗಂಟೆ ಕೂತು, ಎದ್ದು ಬಂದು ಹೇಳಿದಳು: "ಹದಿನೈದು ದಿನ ಕೊಡಿ, ಪುಟ್ಟಮ್ಮ. ತಪ್ಪು ನನ್ನ ಕೈದೋ, ಶೀಶೆದೋ, ಬೆಂಕಿದೋ ನೋಡಿಬಿಡ್ತೀನಿ. ಆಮೇಲೆ ಅಂಚು ಎಳಿ ಅಂದರೆ ಅಂಚೇ ಎಳೀತೀನಿ."

ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ಅಂದಾಜಿಗೆ ಕೆಲಸ ಮಾಡಿದರೆ ಏನೂ ಗೊತ್ತಾಗುವುದಿಲ್ಲ ಎನ್ನುವುದು ಅವಳಿಗೆ ಹೊಳೆಯಿತು. ಹೊಸ ಮಣ್ಣಿನಲ್ಲಿ ಎರಡು ಬೆರಳಗಲದ, ತಲೆಯಲ್ಲಿ ತೂತಿರುವ ಬಿಲ್ಲೆಗಳನ್ನು ಮಾಡಿದಳು. ಶೀಶೆಗಳು ಹದಿನಾಲ್ಕು, ಒಂದೊಂದಕ್ಕೂ ಮೂರು ಬಿಲ್ಲೆ. ಒಂದು ಹಳೆಯ ಭಟ್ಟಿಯ ಸಾವಿರದ ನಲವತ್ತಕ್ಕೆ, ಒಂದು ಸಾವಿರದ ಇನ್ನೂರ ಇಪ್ಪತ್ತಕ್ಕೆ, ಒಂದು ಸಾವಿರದ ಇನ್ನೂರ ಎಂಬತ್ತಕ್ಕೆ. ಒಟ್ಟು ನಲವತ್ತೆರಡು. ಪ್ರತಿ ಬಿಲ್ಲೆಯಲ್ಲೂ ಮೂರು ಪಟ್ಟಿ: ಒಂದು ಸಲ ಬಳಿದದ್ದು, ಎರಡು ಸಲ ಬಳಿದದ್ದು, ಮೂರು ಸಲ ಬಳಿದದ್ದು. ಎಡ ಅರ್ಧಕ್ಕೆ ಗ್ಲೇಜು (ಹಳೆಯ ಭಟ್ಟಿಯವಕ್ಕೆ ಹಳೆಯದು, ಉಳಿದವಕ್ಕೆ ಹೊಸದು), ಬಲ ಅರ್ಧ ಬರಿದೇ.

ದೊಡ್ಡ ಶಾಖದ ಹದಿನಾಲ್ಕು ಬಿಲ್ಲೆಗಳು ಮೊದಲು ಒಳಗೆ ಹೋದವು. ಎರಡು ದಿನದ ಮೇಲೆ ಹೊರಗೆ ಬಂದಾಗ ಅವಳು ಒಂದನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲೂ ಇಲ್ಲ. ಯಾವ ಶೀಶೆಯದೆಂದು ಗುರುತಿಸುವ ಅಂಕಿಗಳನ್ನೆಲ್ಲ ಅವಳು ಪೆನ್ಸಿಲಿನಲ್ಲಿ ಬರೆದಿದ್ದಳು! ದಿನವೂ ಹೂವಿನ ಗೆರೆಯನ್ನು ಮೊದಲು ಪೆನ್ಸಿಲಿನಲ್ಲಿ ಹಾಕಿಕೊಳ್ಳುವುದೇ ಅದು ಭಟ್ಟಿಯಲ್ಲಿ ಸುಟ್ಟು ಗುರುತಿಲ್ಲದಂತೆ ಹೋಗುತ್ತದೆ ಎಂದು. ಇಪ್ಪತ್ತಾರು ವರ್ಷದ ಆ ತಿಳಿವಳಿಕೆ ಆತುರದಲ್ಲಿ ಎಲ್ಲಿಗೆ ಹೋಗಿತ್ತೋ. ಕೈಯಲ್ಲಿ ಹದಿನಾಲ್ಕು ಬಿಲ್ಲೆ, ಅದರಲ್ಲಿ ಐದು ಒಂದೇ ತರಹದ ಬೂದಿ. ಯಾವ ಬೂದಿ ಯಾವ ಬಣ್ಣದ್ದು? ಅವಳು ಭಟ್ಟಿಯ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಪೆನ್ಸಿಲ್ ಬರಹ ಬೆಂಕೀಲಿ ಉಳಿಯುತ್ತಾ?"

ಅವಳು ತಲೆಯೆತ್ತಿದಳು. ಭಟ್ಟಿಯಣ್ಣ ಕೈಗವಸು ಕಳಚುತ್ತ, ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. "ಕಪ್ಪು ಶೀಶೆ ಬಣ್ಣದಲ್ಲಿ ಬರೀಬೇಕು. ಕಪ್ಪು ಎಷ್ಟು ಬೆಂಕಿಗೂ ಜಗ್ಗಲ್ಲ."

"ಗೊತ್ತಿತ್ತು," ಎಂದಳು ಗುಲಾಬಿಯಕ್ಕ. ಹನ್ನೊಂದು ವರ್ಷದಲ್ಲಿ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಗೊತ್ತಿದ್ದೂ ಮರೆತೆ."

ಭಟ್ಟಿಯಣ್ಣ ಕೈಗವಸನ್ನು ಮೊಳೆಗೆ ನೇತುಹಾಕಿದರು. ಆಮೇಲೆ ಅವರೇ ಅಂದರು: "ಇನ್ನೊಂದು ವಿಷಯ. ಈ ಭಟ್ಟೀಲಿ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ಹದಿನೈದು ಡಿಗ್ರಿ ವ್ಯತ್ಯಾಸ ಇದೆ. ಅಲ್ಲೊಂದು ಇಲ್ಲೊಂದು ಇಟ್ಟರೆ ನಿನ್ನ ಲೆಕ್ಕ ಎಲ್ಲ ಅಡ್ಡಾದಿಡ್ಡಿ. ಎಲ್ಲವನ್ನೂ ನಡುವಿನ ಹಲಗೇಲಿ ಇಡ್ತೀನಿ."

"ಇಡಿ, ಅಣ್ಣ," ಎಂದಳು.

ಆ ಸಂಜೆ ಗಂಡನಿಗೆ ಇದನ್ನು ಹೇಳಿದಾಗ ಅವರು ಯಂತ್ರದ ಪೆಡಲು ನಿಲ್ಲಿಸಿ, "ಅಂದರೆ ಹದಿನಾಲ್ಕು ಬಿಲ್ಲೆ ಹಾಳಾದರೂ ಒಂದು ಮಾತು ಹುಟ್ಟಿತು ಅನ್ನು," ಎಂದರು.

ಮತ್ತೆ ಹದಿನಾಲ್ಕು ಬಿಲ್ಲೆ. ಈ ಸಲ ಕಪ್ಪು ಬಣ್ಣದ ಅಂಕಿ. ಒಂದಾದ ಮೇಲೊಂದರಂತೆ ಮೂರು ಸುಡುವಿಕೆಯೂ ಮುಗಿದಾಗ ಎಂಟು ದಿನ ಕಳೆದಿತ್ತು. ನಲವತ್ತೆರಡನ್ನೂ ಅವಳು ತಂತಿಗೆ ಪೋಣಿಸಿ ಕಿಟಕಿಗೆ ನೇತುಹಾಕಿದಳು. ಸಾವಿರದ ನಲವತ್ತರ ಸಾಲಿನಲ್ಲಿ ಎಲ್ಲವೂ ಶೀಶೆಯ ಮುಚ್ಚಳದ ಮೇಲಿನ ಬಣ್ಣದಂತೆಯೇ ಇದ್ದವು. ಸಾವಿರದ ಇನ್ನೂರ ಇಪ್ಪತ್ತರ ಸಾಲಿನಲ್ಲಿ ಹಳದಿ ಬಿಳಿಚಿಕೊಂಡಿತ್ತು, ಒಂದು ಸಲ ಬಳಿದ ಪಟ್ಟಿಗಳು ತೆಳುವಾಗಿದ್ದವು, ಮೂರು ಸಲ ಬಳಿದವು ಗಟ್ಟಿಯಾಗಿ ನಿಂತಿದ್ದವು. ಸಾವಿರದ ಇನ್ನೂರ ಎಂಬತ್ತರಲ್ಲಿ ನೀಲಿ, ಕಪ್ಪು, ಕಂದು ಮತ್ತು ಒಂದು ಹಸಿರು ಬಿಟ್ಟರೆ ಉಳಿದವುಗಳ ಜೀವ ಹೋಗಿತ್ತು. ಗುಲಾಬಿಯಂತೂ ಎರಡು ಅರ್ಧದಲ್ಲೂ ಸತ್ತಿತ್ತು.

ಅವಳು ತುಂಬ ಹೊತ್ತು ನಿಂತು ನೋಡಿದ್ದು ನಡುವಿನ ಸಾಲಿನ ಏಳನೇ ಬಿಲ್ಲೆಯನ್ನು. ಸಾವಿರದ ಇನ್ನೂರ ಇಪ್ಪತ್ತರ ಗುಲಾಬಿ. ಬಲಕ್ಕೆ, ಗ್ಲೇಜು ಇಲ್ಲದ ಕಡೆ, ಬಣ್ಣ ಜೀವಂತವಾಗಿತ್ತು. ಎಡಕ್ಕೆ, ಗ್ಲೇಜು ಹಾಕಿದ ಕಡೆ, ಕೊಳೆನೀರು. ಒಂದೇ ಬಿಲ್ಲೆ, ಒಂದೇ ಬೆಂಕಿ, ಒಂದೇ ಕೈ.

"ಇದು ಬೆಂಕಿ ಮಾಡಿದ್ದಲ್ಲ," ಎಂದಳು ಅವಳು ತನಗೆ ತಾನೇ.

ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಅದರ ಚೀಟಿಯ ಮೇಲೆ ಇರುವೆ ಸಾಲಿನಂಥ ಅಕ್ಷರ. ಗಂಡ ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿ, ಶೀಶೆಯನ್ನು ತಿರುಗಿಸುತ್ತ ತಿರುಗಿಸುತ್ತ ಓದಿದರು. "ಚೆನ್ನಾಗಿ ಅಲುಗಾಡಿಸಿ... ಮಕ್ಕಳ ಕೈಗೆ ಸಿಗದಂತೆ ಇಡಿ... ತಾಳು, ಇಲ್ಲಿದೆ. ಗುಲಾಬಿ ಮತ್ತು ನೇರಳೆ ಬಣ್ಣಗಳಿಗೆ ಸತು ಇಲ್ಲದ ಗ್ಲೇಜನ್ನೇ ಬಳಸಿ."

"ಸತು ಅಂದರೆ? ಕೊಡಕ್ಕೆ, ತಗಡಿಗೆ ಹಾಕೋದಾ?"

"ಅದೇ. ಅದು ಗ್ಲೇಜಿನಲ್ಲಿದ್ದರೆ ನಿನ್ನ ಹೂವಿಗೆ ಆಗಿಬರಲ್ಲವಂತೆ. ಎಣ್ಣೆ ಸೀಗೇಕಾಯಿ ಸಂಬಂಧ." ಅವರು ಕನ್ನಡಕ ತೆಗೆದರು. "ಇಷ್ಟು ವರ್ಷ ಇದನ್ನ ಯಾರೂ ಓದಲಿಲ್ಲವೇ?"

ಓದುವ ಅಗತ್ಯವೇ ಬಿದ್ದಿರಲಿಲ್ಲ. ದೊಡ್ಡ ಯಜಮಾನರು ಗ್ಲೇಜನ್ನು ತಾವೇ ಅರೆದು ತಯಾರಿಸುತ್ತಿದ್ದರು; ಅವರು ಹೋದ ಮೇಲೂ ಅದೇ ಅಳತೆ ನಡೆದಿತ್ತು. ಅದರಲ್ಲಿ ಗುಲಾಬಿ ಯಾವಾಗಲೂ ಚೆನ್ನಾಗಿಯೇ ಬರುತ್ತಿತ್ತು. ಯಾವಾಗಲೂ. ಆ ಒಂದು ಸಲ ಬಿಟ್ಟು.

ಗುಲಾಬಿಯಕ್ಕನಿಗೆ ಈಗ ನೆನಪಾಯಿತು. ಆ ವರ್ಷ ದೊಡ್ಡ ಯಜಮಾನರು ಬೆನ್ನು ನೋವಿನಿಂದ ಒಂದು ತಿಂಗಳು ಮಲಗಿದ್ದರು. ಅರೆದಿಟ್ಟ ಗ್ಲೇಜು ಮುಗಿದು, ಯಾರೋ ಅಂಗಡಿಯಿಂದ ಒಂದು ಡ್ರಮ್ಮು ತಂದಿದ್ದರು. ತಂಗಿಯ ತಟ್ಟೆಗಳನ್ನು ಅದ್ದಿದ್ದು ಅದರಲ್ಲಿ.

ಮಾರನೆಯ ದಿನ ಉಗ್ರಾಣದ ಮೂಲೆಯಲ್ಲಿ, ಖಾಲಿ ಚೀಲಗಳ ರಾಶಿಯ ಕೆಳಗೆ, ಆ ಡ್ರಮ್ಮು ಸಿಕ್ಕಿತು. ತಳದಲ್ಲಿ ಒಣಗಿ ಕಲ್ಲಾದ ಗ್ಲೇಜು. ಅವಳು ಅದನ್ನು ಕೆರೆದು, ನೀರಿನಲ್ಲಿ ನೆನೆಸಿ, ಗಂಡ ಕೊಟ್ಟ ತೆಳು ಬಟ್ಟೆಯಲ್ಲಿ ಸೋಸಿ, ಹಳೆಯ ಮಣ್ಣಿನ ಒಂದು ಬಿಲ್ಲೆಗೆ ಗುಲಾಬಿ ಬಳಿದು ಅದ್ದಿದಳು. ಭಟ್ಟಿಯಣ್ಣನ ಕೈಗೆ ಕೊಟ್ಟು, "ಹಳೇ ಭಟ್ಟೀಲಿ, ಸಾವಿರದ ನಲವತ್ತಕ್ಕೆ," ಎಂದಳು. ಯಾಕೆಂದು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಬಿಲ್ಲೆ ಬಂದ ಸಂಜೆ ಅವಳು ಅದನ್ನು ಮನೆಗೊಯ್ದಳು. ಆ ಮೂವತ್ತಾರು ತಟ್ಟೆಗಳಲ್ಲಿ ಒಂದು ಇನ್ನೂ ಉಳಿದಿತ್ತು. ಗಂಡ ಅದರಲ್ಲಿ ಗುಂಡಿ, ಗುಂಡುಸೂಜಿ ಹಾಕಿಡುತ್ತಿದ್ದರು. ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಬಿಲ್ಲೆಯನ್ನು ತಟ್ಟೆಯ ಹೂವಿನ ಪಕ್ಕ ಇಟ್ಟಳು. ಎರಡೂ ಒಂದೇ ಕೊಳೆನೀರಿನ ಬಣ್ಣ. ಒಂದರಿಂದ ಇನ್ನೊಂದನ್ನು ಬೇರೆ ಮಾಡಲಾಗದಷ್ಟು ಒಂದೇ.

ಗಂಡ ಬಗ್ಗಿ ನೋಡಿದರು. "ಹಾಗಾದರೆ ಅವತ್ತು ಆ ಮನುಷ್ಯ..."

"ಸುಮ್ಮನಿರಿ," ಎಂದಳು. ಗುಂಡಿಗಳನ್ನು ಒಂದೊಂದಾಗಿ ಮತ್ತೆ ತಟ್ಟೆಗೆ ತುಂಬಿದಳು. ಗಂಡನೂ ಪಕ್ಕದಲ್ಲಿ ಕೂತು ತುಂಬಿದರು.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡಿದ್ದು ಒಂಬತ್ತು ಜನರ ಎದುರಿಗೆ. ಅವರಲ್ಲಿ ಐವರು ಇನ್ನೂ ಕೆಲಸದಲ್ಲಿದ್ದರು. ಮಾರನೆಯ ದಿನ ಹತ್ತೂವರೆಗೆ ಎಲ್ಲರೂ ಚಹಾ ಲೋಟ ಹಿಡಿದು ನೀರಿನ ತೊಟ್ಟಿಯ ಸುತ್ತ ಕೂತಿದ್ದಾಗ ಗುಲಾಬಿಯಕ್ಕ ತಟ್ಟೆಯನ್ನೂ ಬಿಲ್ಲೆಯನ್ನೂ ಹಿಡಿದು ಎದ್ದು ನಿಂತಳು.

"ಹನ್ನೊಂದು ವರ್ಷದ ಹಿಂದೆ ಇಲ್ಲೇ ನಿಂತು ಭಟ್ಟಿಯಣ್ಣನಿಗೆ ಒಂದು ಮಾತು ಅಂದಿದ್ದೆ. ನಿಮಗೆಲ್ಲ ನೆನಪಿದೆ. ಅವರ ಬೆಂಕಿ ಸರಿಯಾಗಿತ್ತು. ಗ್ಲೇಜು ಕೆಟ್ಟದ್ದು ತಂದಿದ್ವಿ. ಅದನ್ನ ನಾನು ಈಗ ನೋಡಿದೆ." ಅವಳು ಭಟ್ಟಿಯಣ್ಣನ ಕಡೆ ತಿರುಗಿದಳು. "ತಪ್ಪಾಯ್ತು, ಅಣ್ಣ. ಅತ್ತಿಗೆ ಆಸ್ಪತ್ರೇಲಿದ್ದಾಗ ಹಾಗನ್ನಬಾರದಿತ್ತು. ಬೆಂಕಿ ತಪ್ಪಾಗಿದ್ದರೂ ಅನ್ನಬಾರದಿತ್ತು."

ಭಟ್ಟಿಯಣ್ಣ ಎದ್ದು ತಮ್ಮ ಪೆಟ್ಟಿಗೆಯ ಹತ್ತಿರ ಹೋದರು. ಸಿಟ್ಟಾದರೆಂದೇ ಅವಳು ತಿಳಿದಳು. ಅವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಕಾಗದದಲ್ಲಿ ಸುತ್ತಿದ ಬೆರಳುದ್ದದ ಮಣ್ಣಿನ ಕೋನುಗಳಿದ್ದವು. ಭಟ್ಟಿಯೊಳಗೆ ಸಾಮಾನಿನ ಜೊತೆ ಇಡುವಂಥವು. ಬೇಕಾದಷ್ಟು ಶಾಖ ತಲುಪಿದಾಗ ತಲೆ ಬಾಗುತ್ತವೆ, ಹೆಚ್ಚಾದರೆ ಪೂರ್ತಿ ಮಲಗಿಬಿಡುತ್ತವೆ. ಒಂದು ಕಾಗದ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. ತುದಿ ಮಾತ್ರ ಬಾಗಿದ, ಹದವಾಗಿ ನಿಂತ ಕೋನು. ಕಾಗದದ ಮೇಲೆ ಆ ದಿನದ ತಾರೀಖು.

"ಇಟ್ಟುಕೊಂಡಿದ್ದೀರಾ!"

"ಇಟ್ಟುಕೊಂಡಿದ್ದೆ."

"ಅವತ್ತೇ ತೋರಿಸಬಹುದಿತ್ತಲ್ಲ, ಅಣ್ಣ?"

"ಕೇಳಿದ್ದರೆ ತೋರಿಸ್ತಿದ್ದೆ," ಎಂದರು ಅವರು. "ಯಾರೂ ಕೇಳಲಿಲ್ಲ." ದನಿಯಲ್ಲಿ ಕಹಿ ಇರಲಿಲ್ಲ, ಆದರೆ ಕಣ್ಣು ಒದ್ದೆಯಾಗಿತ್ತು. ಲೋಟದ ಚಹಾ ಒಂದೇ ಗುಟುಕಿಗೆ ಕುಡಿದು, "ನಾನೂ ಹಟಮಾರಿ ಬಿಡು. ಮನೇಲಿ ದಿನಾ ಬೈತಾಳೆ," ಎಂದು ಭಟ್ಟಿಯ ಕಡೆ ನಡೆದರು.

ಇನ್ನುಳಿದದ್ದು ಕೆಲಸ. ಚಿಕ್ಕ ಯಜಮಾನಿ ಸತು ಇಲ್ಲದ ಗ್ಲೇಜನ್ನು ಒಂದು ಕ್ಯಾನು ತರಿಸಿಕೊಟ್ಟಳು. ಹದಿನಾಲ್ಕನೇ ದಿನ ಸಾವಿರದ ಇನ್ನೂರ ಇಪ್ಪತ್ತರಲ್ಲಿ ಸುಟ್ಟ ಆರು ತಟ್ಟೆಗಳು ಹೊರಬಂದವು. ಮೂರು ಸಲ ಬಳಿದ ಗುಲಾಬಿ, ಹಳೆಯದಕ್ಕಿಂತ ಒಂದು ಛಾಯೆ ಕಡಿಮೆ, ಆದರೆ ಗುಲಾಬಿಯೇ.

"ಸಾವಿರದ ಇನ್ನೂರ ಎಂಬತ್ತಕ್ಕೆ ಹೋಗಲೇಬೇಕು ಅಂತ ಏನಿಲ್ಲಮ್ಮ," ಎಂದರು ಭಟ್ಟಿಯಣ್ಣ, ಈಗ ಯಾರ ಮಧ್ಯಸ್ಥಿಕೆಯೂ ಇಲ್ಲದೆ. "ಈ ಮಣ್ಣು ಇನ್ನೂರ ಇಪ್ಪತ್ತಕ್ಕೇ ಗಟ್ಟಿಯಾಗುತ್ತೆ. ಬಿಲ್ಲೆಗಳ ಜೊತೆ ಸುಟ್ಟ ಒಂದು ತಟ್ಟೆ ಮೂರು ದಿನ ನೀರಲ್ಲಿ ಮುಳುಗಿಸಿ ತೂಗಿ ನೋಡಿದ್ದೀನಿ. ಗುಲಗಂಜಿಯಷ್ಟೂ ಏರಲಿಲ್ಲ. ಕರೆಂಟೂ ಉಳಿಯುತ್ತೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ಚಿಕ್ಕ ಯಜಮಾನಿ.

ಭಟ್ಟಿಯಣ್ಣ ಬಾಯಿ ತೆರೆಯುವ ಮೊದಲೇ ಗುಲಾಬಿಯಕ್ಕ ಅಂದಳು: "ನೀವು ಕೇಳಲಿಲ್ಲ, ಪುಟ್ಟಮ್ಮ." ಮೂವರೂ ನಕ್ಕರು.

ಹೋಟೆಲಿನವರು ಇನ್ನೂರು ತಟ್ಟೆಗಳಲ್ಲಿ ಎಂಬತ್ತಕ್ಕೆ ಮಾತ್ರ ಗುಲಾಬಿ ಬೇಕೆಂದರು. ಉಳಿದವಕ್ಕೆ ಬರೀ ನೀಲಿ ಅಂಚು. ಗುಲಾಬಿಯಕ್ಕ ಎರಡನ್ನೂ ಮಾಡಿದಳು. ಮುಖ ಸಿಂಡರಿಸಿಕೊಳ್ಳಲಿಲ್ಲ. ಬಿಲ್ಲೆಗಳನ್ನು ನೋಡಿ ನೋಡಿ ಅವಳಿಗೆ ಬೇರೆ ಬಣ್ಣಗಳ ಮೇಲೂ ಆಸೆ ಹುಟ್ಟಿತ್ತು. ದೊಡ್ಡ ಬೆಂಕಿಯಲ್ಲಿ ಆಳವಾಗುವ ನೀಲಿಯಿಂದ ಒಂದು ಹಕ್ಕಿ ಬರೆದಳು. ಸತ್ತ ಗುಲಾಬಿಯ ಆ ಬೂದಿಬಣ್ಣ ಬೇಕೆಂದೇ ಬರುವಂತೆ ಮಾಡಿ ಪಾರಿವಾಳದ ರೆಕ್ಕೆ ತುಂಬಿದಳು. ಐವತ್ತಮೂರನೇ ವಯಸ್ಸಿನಲ್ಲಿ ಎರಡನೇ ಚಿತ್ರ ಕಲಿತೆ ಎಂದು ಗಂಡನ ಹತ್ತಿರ ಹೇಳಿಕೊಂಡು ಹಿಗ್ಗಿದಳು.

ಮುಂದಿನ ವರ್ಷ ಭಟ್ಟಿಯಣ್ಣನಿಗೆ ಮಂಡಿ ಹಿಡಿಯಿತು. ಕೆಲಸ ಬಿಡುವ ಮುಂಚೆ ಆರು ತಿಂಗಳು ಅವರು ಭಟ್ಟಿಯ ವಿದ್ಯೆಯನ್ನೆಲ್ಲ ಗುಲಾಬಿಯಕ್ಕನಿಗೆ ಹೇಳಿಕೊಟ್ಟರು: ಮೊದಲ ಎರಡು ಗಂಟೆ ಯಾಕೆ ಮೆತ್ತಗೆ ಏರಿಸಬೇಕು, ತಟ್ಟೆಗಳ ನಡುವೆ ಎಷ್ಟು ಬೆರಳು ಜಾಗ ಬಿಡಬೇಕು, ಬಾಗಿಲು ತೆಗೆಯುವ ಆತುರವನ್ನು ಹೇಗೆ ತಡೆದುಕೊಳ್ಳಬೇಕು. ಅವಳು ಕಲಿತಳು. ಬೈಸಿಕೊಂಡೂ ಕಲಿತಳು.

ಅವಳೇ ತುಂಬಿ, ಅವಳೇ ಸುಟ್ಟ ಮೊದಲ ಭಟ್ಟಿಯನ್ನು ತೆಗೆಯುವ ದಿನ ಭಟ್ಟಿಯಣ್ಣ ಕೋಲೂರಿಕೊಂಡು, ಹೆಂಡತಿಯ ಜೊತೆ ರಿಕ್ಷಾದಲ್ಲಿ ಬಂದರು. ಗುಲಾಬಿಯಕ್ಕ ಮೊದಲ ತಟ್ಟೆಯನ್ನು ಒರೆಸಿ ಅವರ ಕೈಗೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

"ಬಾಗಿಲು ಅರ್ಧ ಗಂಟೆ ಬೇಗ ತೆಗೆದಿದ್ದೀಯ," ಎಂದರು.

"ಅಯ್ಯೋ, ಬಣ್ಣ ಹೇಗಿದೆ ಅಂತ ಹೇಳ್ರಿ ಮೊದಲು," ಎಂದರು ಅವರ ಹೆಂಡತಿ, ತಟ್ಟೆಯನ್ನು ಅವರ ಕೈಯಿಂದ ಕಿತ್ತುಕೊಂಡು. ನೋಡಿ, ಸೆರಗಿನಿಂದ ಇನ್ನೊಮ್ಮೆ ಒರೆಸಿ, ಗುಲಾಬಿಯಕ್ಕನ ಕಡೆ ತಿರುಗಿ ಕೇಳಿದರು: "ಇಂಥದ್ದು ನಮ್ಮನೆಗೆ ಆರು ಬೇಕಿತ್ತಲ್ಲ, ಯಾವಾಗ ಕೊಡ್ತೀಯಾ?"